ಚಕ್ರದೊಳಗಿನ ಕೆಸರು: ಗ್ಯಾರೇಜಿಗೆ ಓಡುವ ಮೊದಲು

ಮಳೆಗಾಲದಲ್ಲಿ ಕಾರಿನ ಸ್ಟೇರಿಂಗ್ ಇದ್ದಕ್ಕಿದ್ದಂತೆ ನಡುಗಲು ಶುರುವಾದರೆ ಮೊದಲು ಚಕ್ರದ ಒಳಬದಿ ನೋಡಿ. ಗ್ಯಾರೇಜು ಆಮೇಲೆ. ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಂಥ ನಡುಕಕ್ಕೆ ಎಷ್ಟೋ ಸಲ ಕಾರಣ ರಿಮ್ಮಿನೊಳಗೆ ಅಂಟಿ ಕೂತ ಕೆಂಪು ಮಣ್ಣು. ಹೊರಗೆ ನಿಂತು ನೋಡಿದರೆ ಗೊತ್ತಾಗುವುದಿಲ್ಲ. ಹೊರಗಿನ ಕೆಸರನ್ನು ಮಳೆಯೇ ತೊಳೆದಿರುತ್ತದೆ. ಒಳಗಿನದ್ದು ಹಾಗೇ ಉಳಿದಿರುತ್ತದೆ.

ಚಕ್ರ ತಿರುಗುವಾಗ ಮಣ್ಣು ತಾನಾಗಿ ಹಾರಿ ಹೋಗುತ್ತದೆ ಎಂದು ತುಂಬಾ ಜನ ತಿಳಿದಿದ್ದಾರೆ. ಟಯರಿನ ಮೇಲಿನ ಮಣ್ಣು ಹಾರುತ್ತದೆ, ನಿಜ. ಆದರೆ ರಿಮ್ಮಿನ ಒಳಗೋಡೆಗೆ ಹತ್ತಿದ ಮಣ್ಣಿಗೆ ಹೊರಗೆ ಹೋಗಲು ದಾರಿಯೇ ಇಲ್ಲ. ಚಕ್ರ ಜೋರಾಗಿ ತಿರುಗಿದಷ್ಟೂ ಅದು ಆ ಗೋಡೆಗೇ ಒತ್ತಿಕೊಂಡು ಕೂರುತ್ತದೆ. ತೋಟದ ದಾರಿಯಲ್ಲಿ ಒಂದು ಸಲ ಹೋಗಿ ಬಂದರೂ ಸಾಕು. ಎದುರಿಗೆ ಬಸ್ಸು ಬಂತೆಂದು ರಸ್ತೆಯ ಪಕ್ಕದ ರಾಡಿಗೆ ಗಾಡಿ ಇಳಿಸಿದರೂ ಸಾಕು.

ಅಸಲು ತೊಂದರೆ ಶುರುವಾಗುವುದು ಗಾಡಿ ನಿಲ್ಲಿಸಿದ ಮೇಲೆ. ಸುತ್ತಲೂ ಹತ್ತಿದ್ದ ಒದ್ದೆ ಮಣ್ಣು ರಾತ್ರಿಯಿಡೀ ನಿಧಾನವಾಗಿ ಜಾರಿ ಚಕ್ರದ ಕೆಳಭಾಗಕ್ಕೆ ಇಳಿಯುತ್ತದೆ. ಅಲ್ಲೇ ಒಣಗುತ್ತದೆ. ಬೆಳಿಗ್ಗೆ ಹೊರಡುವಾಗ ಚಕ್ರದ ಒಂದೇ ಕಡೆ ಭಾರ. ಹಾಗಾಗಿಯೇ ನಿನ್ನೆ ಸರಿಯಿದ್ದ ಗಾಡಿ ಇವತ್ತು ನಡುಗುವುದು. ಬ್ಯಾಲೆನ್ಸಿಂಗ್ ಮಾಡುವವರು 5 ಗ್ರಾಂ, 10 ಗ್ರಾಂ ತುಂಡುಗಳನ್ನು ಹಾಕಿ ಚಕ್ರದ ತೂಕ ಸರಿ ಮಾಡುತ್ತಾರೆ. ಅಂಥ ಜಾಗದಲ್ಲಿ ಒಂದು ಹಿಡಿ ಹಸಿ ಮಣ್ಣು ಕೂತರೆ ನೂರಾರು ಗ್ರಾಂ ಆಯಿತು. ನಡುಗದೆ ಇನ್ನೇನು ಮಾಡುತ್ತದೆ?

ಹೋದ ಮಳೆಗಾಲದಲ್ಲಿ ನನ್ನ ಸೋದರಳಿಯ ಮನೆಗೆ ಬಂದು ಒಂದು ರಾತ್ರಿ ಉಳಿದು ಬೆಳಿಗ್ಗೆ ಬೆಂಗಳೂರಿಗೆ ಹೊರಟ. ಸ್ವಲ್ಪ ಹೊತ್ತಿಗೆ ಫೋನು. "ಮಾವ, ಎಂಬತ್ತಕ್ಕೆ ಹೋದ್ರೆ ಸ್ಟೇರಿಂಗ್ ಹಿಡಿಲಿಕ್ಕೆ ಆಗ್ತಾ ಇಲ್ಲ. ಅಲೈನ್‌ಮೆಂಟ್ ಹೋಯ್ತು ಅನ್ಸುತ್ತೆ." ನಾನು ಹೇಳಿದೆ, "ಅಲೈನ್‌ಮೆಂಟ್ ಇರಲಿ ಮಾರಾಯ. ಯಾವುದಾದರೂ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸು. ಚಕ್ರ ತಣಿಯಲಿ. ಆಮೇಲೆ ಮುಂದಿನ ಚಕ್ರದ ಒಳಗೆ ಕೈ ಹಾಕಿ ನೋಡು." ಅವನ ಕೈಗೆ ಸಿಕ್ಕಿದ್ದು ಅಂಗೈ ದಪ್ಪದ ಮಣ್ಣಿನ ಹೆಂಟೆ. ಅದರಲ್ಲಿ ನಮ್ಮ ಅಂಗಳದ ದರಕೂ (ಒಣಗಿದ ಎಲೆ) ಸೇರಿತ್ತು. ಅದನ್ನು ತೆಗೆದ ಮೇಲೆ ಬೆಂಗಳೂರಿನವರೆಗೆ ತಕರಾರಿಲ್ಲ.

ಗುರುತು ಹಿಡಿಯುವುದು ಕಷ್ಟವಲ್ಲ. ನಿಧಾನ ಹೋಗುವಾಗ ಏನೂ ಇಲ್ಲ, ಅರವತ್ತು ದಾಟಿದ ಮೇಲೆ ನಡುಕ ಏರುತ್ತದೆ ಎಂದಾದರೆ ತೂಕದ ತೊಂದರೆ. ಸ್ಟೇರಿಂಗ್ ನಡುಗಿದರೆ ಸಾಮಾನ್ಯವಾಗಿ ಮುಂದಿನ ಚಕ್ರ. ಸೀಟು, ಕಾಲಡಿ ನಡುಗಿದರೆ ಹಿಂದಿನದು. ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ಬ್ರೇಕಿನ ಡಿಸ್ಕ್ (ಚಕ್ರದ ಜೊತೆ ತಿರುಗುವ ಲೋಹದ ತಟ್ಟೆ) ನೋಡಿಸಬೇಕು. ಗಾಡಿ ಒಂದೇ ಪಕ್ಕಕ್ಕೆ ಎಳೆದರೆ ಟಯರಿನ ಗಾಳಿ ನೋಡಿ, ಆಮೇಲೆ ಅಲೈನ್‌ಮೆಂಟ್, ಅಂದರೆ ಚಕ್ರಗಳು ನೇರ ಇವೆಯೇ ಎಂಬುದು. ಒಳಗೆ ಮಣ್ಣು ಇಟ್ಟುಕೊಂಡು ಬ್ಯಾಲೆನ್ಸಿಂಗ್‌ಗೆ ಮಾತ್ರ ಹೋಗಬೇಡಿ. ಅವರು ಆ ಮಣ್ಣಿನ ತೂಕಕ್ಕೂ ಸೇರಿಸಿ ತುಂಡು ಹಾಕುತ್ತಾರೆ. ನಾಲ್ಕು ದಿನಕ್ಕೆ ಮಣ್ಣು ಉದುರುತ್ತದೆ, ಮತ್ತೆ ನಡುಕ, ಮತ್ತೆ ದುಡ್ಡು.

ಈಗ ತೆಗೆಯುವ ಕ್ರಮ. ಮಣ್ಣು ಹಸಿಯಿರುವಾಗಲೇ ತೆಗೆಯಬೇಕು. ನಮ್ಮ ಕೆಂಪು ಮಣ್ಣು ಒಣಗಿತೆಂದರೆ ಗಾಳಿಗೆ ಬಿದ್ದ ಚಿರೆಕಲ್ಲಿನ ಹಾಗೆ ಬಿಗಿಯುತ್ತದೆ. ಆದರೆ ಘಟ್ಟ ಇಳಿದು ಬಂದ ಕೂಡಲೇ ನೀರು ಬಿಡಬೇಡಿ. ದೇವಿಮನೆ ಘಟ್ಟವನ್ನೋ ಅರಬೈಲ್ ಘಟ್ಟವನ್ನೋ ಇಳಿದ ಗಾಡಿಯ ಡಿಸ್ಕ್ ಕೈ ಇಡಲಾಗದಷ್ಟು ಕಾದಿರುತ್ತದೆ. ಅದರ ಮೇಲೆ ತಣ್ಣೀರು ಬಿದ್ದರೆ ಡಿಸ್ಕ್ ಸೊಟ್ಟಗಾಗಬಹುದು. ಒಂದು ಚಾ ಕುಡಿದು ಬನ್ನಿ. ಅಷ್ಟರಲ್ಲಿ ತಣಿಯುತ್ತದೆ.

ಗಾಡಿಯನ್ನು ಸಮ ಜಾಗದಲ್ಲಿ ನಿಲ್ಲಿಸಿ, ಸ್ಟೇರಿಂಗನ್ನು ಪೂರ್ತಿ ಒಂದು ಕಡೆ ತಿರುಗಿಸಿ ಎಂಜಿನ್ ಬಂದ್ ಮಾಡಿ. ಒಂದು ಮುಂದಿನ ಚಕ್ರದ ಒಳಬದಿ ಕಣ್ಣಿಗೆ ಚೆನ್ನಾಗಿ ಕಾಣುತ್ತದೆ. ಪೈಪಿನಿಂದ ನೀರು ಬಿಟ್ಟು ನೆನೆಯಲು ಬಿಡಿ. ಒಣಗಿ ಗಟ್ಟಿಯಾಗಿದ್ದರೆ ಒದ್ದೆ ಗೋಣಿಚೀಲವನ್ನು ಒಳಗೆ ತುರುಕಿ ಅರ್ಧ ಗಂಟೆ ಬಿಡಿ. ಕೆರೆಯುವುದಕ್ಕೆ ಅಡಿಕೆ ದಬ್ಬೆಗಿಂತ (ಅಡಿಕೆ ಮರದ ಸೀಳು) ಒಳ್ಳೆಯ ಸಾಮಾನು ನನಗೆ ಗೊತ್ತಿಲ್ಲ. ಎರಡು ಬೆರಳು ಅಗಲದ ದಬ್ಬೆ ತೆಗೆದುಕೊಂಡು ಒಂದು ತುದಿಯನ್ನು ಕತ್ತಿಯಿಂದ ಓರೆಯಾಗಿ ಕೆತ್ತಿ. ರಿಮ್ಮಿನ ಬಾಗಿಗೆ ಸರಿಯಾಗಿ ಕೂರುತ್ತದೆ, ಬಣ್ಣ ಗೀಚುವುದಿಲ್ಲ. ಬಿದಿರಿನ ಸೀಳೂ ಆದೀತು. ಕಬ್ಬಿಣದ ಸರಳು, ಸ್ಕ್ರೂಡ್ರೈವರ್ ಬೇಡವೇ ಬೇಡ. ಒಳಗೆ ಬ್ರೇಕಿನ ರಬ್ಬರ್ ಪೈಪಿದೆ, ಎಬಿಎಸ್ ವೈರಿದೆ. ಅವಕ್ಕೆ ಪೆಟ್ಟಾದರೆ ಮಣ್ಣಿಗಿಂತ ದೊಡ್ಡ ಕಥೆ. ಕೊನೆಗೆ ತೆಂಗಿನ ನಾರಿನಲ್ಲಿ ತಿಕ್ಕಿ ನೀರು ಹಾಕಿ.

ಒಂದು ವಿಷಯ ಎಲ್ಲರೂ ಮರೆಯುತ್ತಾರೆ. ಡಿಸ್ಕನ್ನು ಹಿಡಿದು ನಿಲ್ಲಿಸುವ ಬ್ರೇಕಿನ ಕ್ಯಾಲಿಪರ್ ಅಡ್ಡ ಇರುವುದರಿಂದ ಚಕ್ರದ ಒಂದು ಭಾಗಕ್ಕೆ ಕೈ ಹೋಗುವುದೇ ಇಲ್ಲ. ಗಾಡಿಯನ್ನು ಅರ್ಧ ಸುತ್ತು ಮುಂದೆ ದೂಡಿ ಆ ಭಾಗವನ್ನೂ ಕೆರೆಯಬೇಕು. ಅರ್ಧ ತೆಗೆದು ಅರ್ಧ ಬಿಟ್ಟರೆ ನಡುಕ ಮೊದಲಿಗಿಂತ ಜಾಸ್ತಿಯಾದೀತು. ಸ್ಟೀಲ್ ರಿಮ್ಮಿಗೆ ಪ್ಲಾಸ್ಟಿಕ್ ವ್ಹೀಲ್ ಕಪ್ ಇದ್ದರೆ ಅದನ್ನೂ ಬಿಚ್ಚಿ ನೋಡಿ, ಅದರ ಹಿಂದೆಯೂ ಕೆಸರು ಅಡಗಿರುತ್ತದೆ. ಹಿಂದಿನ ಚಕ್ರ ಸ್ಟೇರಿಂಗಿಗೆ ಪಕ್ಕಕ್ಕೆ ತಿರುಗುವುದಿಲ್ಲವಲ್ಲ, ಅದಕ್ಕೆ ಬಂಪರಿನ ಕಡೆಯಿಂದ ಕೈ ಹಾಕಬೇಕು. ಆಗದಿದ್ದರೆ ಸರ್ವಿಸ್ ಸ್ಟೇಷನ್ನಿನಲ್ಲಿ ಗಾಡಿ ಎತ್ತಿಸಿ ತೊಳೆಸಿ. ಮನೆ ಅಂಗಳದಲ್ಲಿ ಜಾಕ್ ಕೊಟ್ಟು ಅಡಿಗೆ ಹೋಗಬೇಡಿ. ಮಳೆಗೆ ನೆಂದ ನೆಲದಲ್ಲಿ ಜಾಕ್ ಹೂತು ಹೋಗುತ್ತದೆ, ಜೀವಕ್ಕೇ ಅಪಾಯ.

ಅಲಾಯ್ ರಿಮ್ಮಿನ ಒಳಗೆ ಬೂದು ಬಣ್ಣದ ಚಿಕ್ಕ ಚೌಕದ ತುಂಡುಗಳು ಅಂಟಿರುವುದು ಕಾಣುತ್ತದೆ. ಅವೇ ಬ್ಯಾಲೆನ್ಸಿಂಗ್ ತೂಕ. ಹೆಂಟೆ ಎಂದುಕೊಂಡು ಕಿತ್ತೀರಿ, ಜೋಕೆ. ಟೇಪಿನ ಗುರುತು ಮಾತ್ರ ಉಳಿದು ತುಂಡು ಇಲ್ಲವಾದರೆ ಅದು ಬಿದ್ದಿರಬಹುದು. ಮಣ್ಣು ತೆಗೆದ ಮೇಲೂ ನಡುಗುತ್ತಿದ್ದರೆ ಆಗ ಬ್ಯಾಲೆನ್ಸಿಂಗ್‌ಗೆ ಹೋಗಿ.

ತೊಳೆದಾದ ಮೇಲೆ ಹಾಗೇ ಶೆಡ್ಡಿಗೆ ಹಾಕಬೇಡಿ. ನಿಧಾನಕ್ಕೆ ಸ್ವಲ್ಪ ದೂರ ಓಡಿಸಿ, ನಡುನಡುವೆ ಬ್ರೇಕ್ ಮೆತ್ತಗೆ ಒತ್ತಿ ಒಣಗಿಸಿ. ಹಳ್ಳದ ನೀರು ದಾಟಿದಾಗಲೂ ಇದನ್ನೇ ಮಾಡಬೇಕು, ಘಟ್ಟ ಇಳಿಯುವ ಮೊದಲಂತೂ ಕಡ್ಡಾಯ. ನಾಲ್ಕಾರು ದಿನ ಗಾಡಿ ತೆಗೆಯುವುದಿಲ್ಲ ಎಂದಾದರೆ ಹ್ಯಾಂಡ್‌ಬ್ರೇಕ್ ಎಳೆದಿಡಬೇಡಿ. ತೇವಕ್ಕೆ ತುಕ್ಕು ಹಿಡಿದು ಹಿಂದಿನ ಬ್ರೇಕ್ ಕಚ್ಚಿಕೊಳ್ಳುತ್ತದೆ. ಸಮ ಜಾಗದಲ್ಲಿ ಗೇರಿನಲ್ಲಿ ನಿಲ್ಲಿಸಿ, ಚಕ್ರಕ್ಕೆ ಒಂದು ಕಲ್ಲು ಕೊಡಿ. ಕೆಸರಿನ ದಾರಿಯಿಂದ ಬಂದ ಮೇಲೆ ಚಕ್ರದಿಂದ ಕರಕರ ಸದ್ದು ಬಂದರೆ ಡಿಸ್ಕಿನ ಹಿಂದಿನ ತಗಡಿನಲ್ಲಿ ಸಣ್ಣ ಕಲ್ಲು ಸಿಕ್ಕಿರುತ್ತದೆ. ನಿಧಾನಕ್ಕೆ ಒಂದೆರಡು ಸಲ ಹಿಂದೆ ಮುಂದೆ ಮಾಡಿ, ಹೆಚ್ಚಾಗಿ ಉದುರುತ್ತದೆ.

ಮಳೆಗಾಲಕ್ಕೆ ಮೊದಲು ಗಾಡಿಯ ಅಡಿಗೆ ಹಳೇ ಆಯಿಲ್ ಬಳಿಯುವವರಿದ್ದಾರೆ. ಮಣ್ಣು ಹತ್ತದಿರಲಿ ಎಂದು ಅದನ್ನು ಚಕ್ರದೊಳಗೆ ಹಚ್ಚಬೇಡಿ. ಬ್ರೇಕಿಗೆ ತಾಗಿದರೆ ಬ್ರೇಕ್ ಹಿಡಿಯುವುದೇ ಇಲ್ಲ.

ಕಾರವಾರ, ಅಂಕೋಲಾ ಕಡೆಯವರಿಗೆ ಮಣ್ಣಿಗಿಂತ ಉಪ್ಪಿನ ಚಿಂತೆ ಹೆಚ್ಚು. ಸಮುದ್ರದ ಮರಳು ಒಣಗಿದರೆ ತಾನಾಗಿ ಉದುರುತ್ತದೆ, ಉಪ್ಪು ಉದುರುವುದಿಲ್ಲ. ಅಘನಾಶಿನಿ ಹೊಳೆಯ ಗಜನಿ ಗದ್ದೆಗಳ (ಉಪ್ಪುನೀರು ನುಗ್ಗುವ ಗದ್ದೆಗಳು) ಕಪ್ಪು ಕೆಸರಿನಲ್ಲಿ ಎರಡೂ ಸೇರಿವೆ. ಅಂಟೂ ಜಾಸ್ತಿ, ಉಪ್ಪೂ ಇದೆ. ಅಲ್ಲಿಂದ ಬಂದ ದಿನವೇ ಸಿಹಿನೀರಿನಲ್ಲಿ ತೊಳೆಯಿರಿ. ಬಾವಿ ನೀರು ಸವಳಾಗಿದ್ದರೆ ಅದರಲ್ಲಿ ತೊಳೆದು ಉಪಯೋಗವಿಲ್ಲ.

ಈಗ ನಮ್ಮೂರ ಹುಡುಗರು ಗಾಡಿ ತೆಗೆದುಕೊಂಡು ಮನಾಲಿಗೂ ಹೋಗುತ್ತಾರೆ. 2020ರಲ್ಲಿ ಅಟಲ್ ಸುರಂಗ ಆದ ಮೇಲೆ ರೋಹ್ತಾಂಗ್ ಪಾಸ್ ಹತ್ತದೆಯೇ ಲಾಹೌಲ್ ಕಡೆ ದಾಟಬಹುದು. ಅಲ್ಲಿ ಮಣ್ಣಿನ ಬದಲು ಹಿಮ, ಲೆಕ್ಕ ಮಾತ್ರ ಇದೇ. ಹಗಲು ರಿಮ್ಮಿನೊಳಗೆ ಸೇರಿದ ಹಿಮ ಸಂಜೆ ಕೆಳಗೆ ಜಾರಿ ರಾತ್ರಿ ಗಡ್ಡೆ ಕಟ್ಟುತ್ತದೆ. ಹಾಗಾಗಿ ಗಾಡಿ ನಿಲ್ಲಿಸುವಾಗಲೇ, ಹಿಮ ಮೆತ್ತಗಿರುವಾಗಲೇ, ಬ್ರಶ್ಶಿನಿಂದಲೋ ಮರದ ತುಂಡಿನಿಂದಲೋ ತೆಗೆದುಬಿಡಿ. ಮಡ್‌ಗಾರ್ಡಿನ ಒಳಗೂ ನೋಡಿ. ಅಲ್ಲಿ ಗಡ್ಡೆ ಕಟ್ಟಿದರೆ ಸ್ಟೇರಿಂಗ್ ಪೂರ್ತಿ ತಿರುಗುವುದಿಲ್ಲ. ಬೆಳಿಗ್ಗೆ ಸುತ್ತಿಗೆ ಹಿಡಿಯಬೇಡಿ, ಅಲಾಯ್ ಬಿರುಕು ಬಿಟ್ಟೀತು. ಕುದಿಯುವ ನೀರೂ ಬೇಡ. ಕರಗಿದ ನೀರು ಬ್ರೇಕಿಗೆ ಇಳಿದು ಮತ್ತೆ ಹೆಪ್ಪುಗಟ್ಟುತ್ತದೆ. ಬಿಸಿಲು ಬೀಳುವ ಕಡೆ ಗಾಡಿ ನಿಲ್ಲಿಸಿ ಕಾಯುವುದೇ ಒಳ್ಳೆಯದು. ಹ್ಯಾಂಡ್‌ಬ್ರೇಕಿನ ಮಾತು ಅಲ್ಲಿಗೂ ಸೇರಿದ್ದೇ. ಇಲ್ಲಿ ತುಕ್ಕಿಗೆ ಕಚ್ಚುತ್ತದೆ, ಅಲ್ಲಿ ಚಳಿಗೆ.

ಗಡ್ಡೆ ತೆಗೆಯಲು ಆಗದೇ ಹೊರಡಲೇಬೇಕಾಗಿ ಬಂದರೆ ನಡುಕ ಬಾರದಷ್ಟು ನಿಧಾನಕ್ಕೆ ಹೋಗಿ, ಬಿಸಿಲಿರುವ ಮೊದಲ ಜಾಗದಲ್ಲಿ ನಿಲ್ಲಿಸಿ ನಾಲ್ಕೂ ಚಕ್ರ ನೋಡಿ.