ಕಾರ್ಬೊರೇಟರಿಗೆ ಕೊನೆಗೆ ಕೈ ಹಾಕಿ: ಹಳೇ ಎಂಜಿಬಿ ಕಾರಿನ ಮನೆ ರಿಪೇರಿ

ನನ್ನ ಕಾರು 1969ರ ಎಂಜಿಬಿ ರೋಡ್‌ಸ್ಟರ್. ಕೆಂಪು ಬಣ್ಣ, ಕ್ರೋಮ್ ಬಂಪರ್, ಸ್ಪೋಕ್ ಚಕ್ರ, ಮಡಚುವ ಬಟ್ಟೆ ಟಾಪ್. ನಾವಿರುವುದು ಇಂಗ್ಲೆಂಡಿನ ಡಿಡ್‌ಕಾಟ್‌ನಲ್ಲಿ. ಈ ಕಾರು ಹುಟ್ಟಿದ ಅಬಿಂಗ್ಡನ್ ಇಲ್ಲಿಂದ ಇಪ್ಪತ್ತು ನಿಮಿಷದ ದಾರಿ. ಅಲ್ಲಿನ ಕಾರ್ಖಾನೆ 1980ರಲ್ಲಿ ಮುಚ್ಚಿತು. 1962ರಿಂದ ಅಲ್ಲಿಯತನಕ 5 ಲಕ್ಷಕ್ಕೂ ಜಾಸ್ತಿ ಎಂಜಿಬಿಗಳು ತಯಾರಾದವು. ಹಾಗಾಗಿ ಬಿಡಿಭಾಗಗಳಿಗೆ ಇವತ್ತಿಗೂ ಬರವಿಲ್ಲ. ಮನೆಯಲ್ಲೇ ರಿಪೇರಿ ಕಲಿಯಬೇಕು ಅನ್ನುವವರಿಗೆ ಇದಕ್ಕಿಂತ ಒಳ್ಳೆ ಹಳೇ ಕಾರು ನನಗಂತೂ ಗೊತ್ತಿಲ್ಲ.

ನಮ್ಮಪ್ಪ ಸಾಗರದಲ್ಲಿ ಅಂಬಾಸಿಡರ್ ಟ್ಯಾಕ್ಸಿ ಇಟ್ಟಿದ್ದರು. ಜೋಗಕ್ಕೆ, ಇಕ್ಕೇರಿಗೆ, ಮದುವೆ ದಿಬ್ಬಣಕ್ಕೆ ಅಂತ ಓಡುತ್ತಲೇ ಇರುತ್ತಿತ್ತು. ಎಂಜಿಬಿ ತಂದ ದಿನ ಬಾನೆಟ್ ಎತ್ತಿ ವಿಡಿಯೊ ಕಾಲ್‌ನಲ್ಲಿ ಅವರಿಗೆ ತೋರಿಸಿದೆ. ‘ಪುಟ್ಟೀ, ಇದು ನಮ್ಮ ಗಾಡಿ ಎಂಜಿನ್ನೇ ಅಲ್ವೇನೇ?’ ಅಂದರು. ಅವರು ಹೇಳಿದ್ದು ಸರಿ. ಅಂಬಾಸಿಡರಿನ ಹಳೇ 1489 ಸಿಸಿ ಪೆಟ್ರೋಲ್ ಎಂಜಿನ್ನೂ ಎಂಜಿಬಿಯ 1798 ಸಿಸಿ ಎಂಜಿನ್ನೂ ಬಿಎಂಸಿ ಕಂಪನಿಯ ಬಿ ಸೀರೀಸ್‌ನವು. ಎರಡರಲ್ಲೂ ಪಿಸ್ಟನ್ ಓಡಾಡುವ ದೂರ 88.9 ಮಿಲಿಮೀಟರ್. ಎಂಜಿಬಿಯಲ್ಲಿ ಸಿಲಿಂಡರಿನ ಅಗಲ ಜಾಸ್ತಿ, ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬೊರೇಟರ್ ಎರಡು, ಅಷ್ಟೇ. ಮುಂದಿನ ಸಲ ಊರಿಗೆ ಹೋದಾಗ ಅಪ್ಪ ತಮ್ಮ ಫೀಲರ್ ಗೇಜ್, ಅಂದರೆ ಸಣ್ಣ ಅಂತರ ಅಳೆಯುವ ಉಕ್ಕಿನ ಎಲೆಗಳ ಕಟ್ಟು, ಕೊಟ್ಟು ಕಳಿಸಿದರು. ಎಲೆಗಳ ಮೇಲಿನ ಅಂಕಿ ಅರ್ಧ ಅಳಿಸಿದೆ. ಹದಿನೈದು ಥೌ ಎಲೆಗೆ ಮಾತ್ರ ತುದಿಯಲ್ಲಿ ಅರದಿಂದ ಸಣ್ಣ ಗೀರು ಹಾಕಿಟ್ಟಿದ್ದಾರೆ, ಕತ್ತಲಲ್ಲೂ ಬೆರಳಿಗೆ ಸಿಗಲಿ ಅಂತ. ಒಂದು ಥೌ ಅಂದರೆ ಇಂಚಿನ ಸಾವಿರದಲ್ಲಿ ಒಂದು ಪಾಲು.

ಈ ಕಾರಿನಲ್ಲಿ ಟ್ಯಾಪೆಟ್ಟಿಗೂ (ವಾಲ್ವು ಮತ್ತು ಅದನ್ನು ಒತ್ತುವ ರಾಕರ್ ನಡುವಿನ ಅಂತರ) ಹದಿನೈದು ಥೌ, ಪಾಯಿಂಟಿಗೂ (ಕಿಡಿ ಹಾರಿಸಲು ಕರೆಂಟು ಕಡಿಯುವ ಸಂಪರ್ಕ) ಹದಿನೈದು ಥೌ. ಒಂದೇ ಎಲೆಯಲ್ಲಿ ಅರ್ಧ ಟ್ಯೂನಿಂಗ್ ಮುಗಿಯುತ್ತದೆ. ಆದರೆ ಕ್ರಮ ತಪ್ಪಬಾರದು. ಮೊದಲು ಟ್ಯಾಪೆಟ್, ಆಮೇಲೆ ಪಾಯಿಂಟ್, ಪ್ಲಗ್, ಟೈಮಿಂಗ್ (ಕಿಡಿ ಹಾರುವ ಸಮಯ), ಎಲ್ಲಾ ಆದಮೇಲೆ ಕಾರ್ಬೊರೇಟರ್. ಗಾಡಿ ಸರಿಯಾಗಿ ಓಡದಿದ್ದರೆ ಎಲ್ಲರ ಕೈಯೂ ಮೊದಲು ಕಾರ್ಬೊರೇಟರಿಗೇ ಹೋಗುತ್ತದೆ. ನನ್ನದೂ ಹೋಗಿತ್ತು. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಸಾಮಾನು. ಈ ಕಾರಿನ ಬೋಲ್ಟುಗಳು ಇಂಚಿನ ಲೆಕ್ಕದವು. 7/16, 1/2, 9/16 ಸ್ಪ್ಯಾನರ್‌ಗಳು ಇರಲೇಬೇಕು. ‘13ರ ಸ್ಪ್ಯಾನರ್ ಕೂರುತ್ತೆ ಬಿಡಿ’ ಅಂತ ಮಿಲಿಮೀಟರ್ ಸೆಟ್ ಹಾಕಿದರೆ ನಟ್ಟಿನ ಮೂಲೆ ಸವೆದು ಉರುಟಾಗುತ್ತದೆ. ಆಮೇಲೆ ಉಳಿ ಸುತ್ತಿಗೆಯೇ ಗತಿ. ಕಾರನ್ನು ಜಾಕ್ ಮೇಲೆ ಮಾತ್ರ ನಿಲ್ಲಿಸಿ ಯಾವತ್ತೂ ಕೆಳಗೆ ನುಗ್ಗಬೇಡಿ. ಗಟ್ಟಿ ನೆಲದ ಮೇಲೆ ಆಕ್ಸಲ್ ಸ್ಟ್ಯಾಂಡ್ ಇಟ್ಟು, ಕಾರನ್ನು ಕೈಯಿಂದ ಅಲ್ಲಾಡಿಸಿ ನೋಡಿ ಆಮೇಲೆ ಕೆಳಗಿಳಿಯಿರಿ.

ಟ್ಯಾಪೆಟ್ ಕೆಲಸ ಎಂಜಿನ್ ಪೂರ್ತಿ ತಣ್ಣಗಿದ್ದಾಗ ಮಾಡಿ. ನಾನು ಭಾನುವಾರ ಬೆಳಿಗ್ಗೆ ಮಾಡುತ್ತೇನೆ. ನಾಲ್ಕೂ ಪ್ಲಗ್ ಬಿಚ್ಚಿ, ಟ್ಯಾಪೆಟ್ ಕವರ್ ತೆಗೆಯಿರಿ. ಕಾರನ್ನು ಟಾಪ್ ಗೇರಿಗೆ ಹಾಕಿ ಸಮತಟ್ಟು ಜಾಗದಲ್ಲಿ ಮೆಲ್ಲಗೆ ಮುಂದೆ ತಳ್ಳಿದರೆ ಎಂಜಿನ್ ತಿರುಗುತ್ತದೆ. ರೇಡಿಯೇಟರ್ ಕಡೆಯಿಂದ ವಾಲ್ವುಗಳನ್ನು 1ರಿಂದ 8ರವರೆಗೆ ಎಣಿಸಿ. ಇಲ್ಲೊಂದು ಸುಲಭದ ಲೆಕ್ಕ ಇದೆ: ಕೂಡಿಸಿದರೆ ಒಂಬತ್ತು ಬರಬೇಕು. 8ನೇ ವಾಲ್ವು ಪೂರ್ತಿ ಕೆಳಗೆ ಒತ್ತಿಕೊಂಡಿದ್ದಾಗ 1ನೆಯದನ್ನು ಅಳೆಯಿರಿ. 6 ಒತ್ತಿಕೊಂಡಾಗ 3, 4 ಒತ್ತಿಕೊಂಡಾಗ 5, 7 ಒತ್ತಿಕೊಂಡಾಗ 2. ಉಳಿದ ನಾಲ್ಕು ಇದರ ತಿರುವುಮುರುವು.

ಎಲೆ ತೂರಿಸಿದಾಗ ಹೇಗಿರಬೇಕು ಅನ್ನುವುದು ಮಾತಲ್ಲಿ ಹೇಳುವುದು ಸ್ವಲ್ಪ ಕಷ್ಟ. ಸಲೀಸಾಗಿ ಓಡಾಡಬಾರದು, ಸಿಕ್ಕಿಹಾಕಿಕೊಳ್ಳಲೂ ಬಾರದು. ದಪ್ಪ ಪುಸ್ತಕದ ನಡುವಿನಿಂದ ಒಂದು ಹಾಳೆ ಎಳೆದಂಗೆ ಇರಬೇಕು. ಲಾಕ್ ನಟ್ ಸಡಿಲ ಮಾಡಿ, ಸ್ಕ್ರೂಡ್ರೈವರ್‌ನಿಂದ ಸ್ಕ್ರೂ ತಿರುಗಿಸಿ ಹದ ಸಿಕ್ಕಮೇಲೆ ಸ್ಕ್ರೂ ಅಲ್ಲಾಡದಂತೆ ಹಿಡಿದು ನಟ್ ಬಿಗಿ ಮಾಡಿ. ಬಿಗಿ ಮಾಡುವಾಗ ಅಂತರ ಬದಲಾಗುತ್ತದೆ, ಅದಕ್ಕೆ ಬಿಗಿ ಮಾಡಿದ ಮೇಲೆ ಮತ್ತೆ ಎಲೆ ಹಾಕಿ ನೋಡಲೇಬೇಕು. ರಾಕರ್ ತುದಿ ಸವೆದು ಗುಳಿ ಬಿದ್ದಿದ್ದರೆ ಎಲೆ ಆ ಗುಳಿಯ ಮೇಲೆ ಸೇತುವೆ ಥರ ಕೂರುತ್ತದೆ. ಆಗ ಅಳತೆ ಹದಿನೈದು ಅಂದರೂ ನಿಜವಾದ ಅಂತರ ಜಾಸ್ತಿ ಇರುತ್ತದೆ, ಟಕಟಕ ಸದ್ದು ನಿಲ್ಲುವುದಿಲ್ಲ. ರಾಕರ್ ಬದಲಿಸುವುದೇ ಅದಕ್ಕೆ ದಾರಿ. ಸದ್ದು ಅಡಗಿಸಬೇಕು ಅಂತ ಅಂತರ ಕಡಿಮೆ ಮಾಡಬೇಡಿ, ವಾಲ್ವು ಸುಟ್ಟುಹೋಗುತ್ತದೆ. ಸ್ವಲ್ಪ ಟಕಟಕ ಅನ್ನುವ ಎಂಜಿನ್ನೇ ಕ್ಷೇಮ.

ಮುಂದಿನದು ಪ್ಲಗ್ಗುಗಳಿಗೆ ಸರದಿಯಂತೆ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರ್. ಅಪ್ಪ ಈಗಲೂ ಡೆಲ್ಕೊ ಅಂತಲೇ ಅನ್ನುತ್ತಾರೆ. ಕ್ಯಾಪ್ ತೆಗೆದು ಒಳಗೆ ಬಿರುಕು ಇದೆಯಾ, ಕೂದಲೆಳೆಯಂಥ ಕಪ್ಪು ಗೆರೆ ಇದೆಯಾ ನೋಡಿ. ಗೆರೆ ಕಂಡರೆ ಆ ಕ್ಯಾಪ್ ಎಸೆಯಿರಿ, ಕರೆಂಟು ಆ ದಾರಿಯಲ್ಲೇ ಸೋರುತ್ತಿರುತ್ತದೆ. ಪಾಯಿಂಟುಗಳು ಅತಿ ಹೆಚ್ಚು ತೆರೆದುಕೊಂಡ ಜಾಗದಲ್ಲಿ ಹದಿನೈದು ಥೌ ಇಡಿ. ಎಲೆಯಲ್ಲಿ ಎಣ್ಣೆ ಪಸೆ ಇರಬಾರದು. ಪಾಯಿಂಟಿಗೆ ಎಣ್ಣೆ ತಾಗಿದರೆ ಸುಟ್ಟು ಕಪ್ಪಾಗುತ್ತದೆ. ಪ್ಲಗ್ಗಿನ ಅಂತರ 25 ಥೌ. ಪ್ಲಗ್ ವೈರ್ ಜೋಡಿಸುವಾಗ ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರುಗಳಲ್ಲಿ ಕಿಡಿ ಹಾರುವ ಕ್ರಮ, 1-3-4-2 ನೆನಪಿರಲಿ. ಪಾಯಿಂಟ್ ಅಂತರ ಬದಲಾದರೆ ಟೈಮಿಂಗೂ ಸರಿಯುತ್ತದೆ, ಹಾಗಾಗಿ ಟೈಮಿಂಗ್ ಯಾವಾಗಲೂ ಪಾಯಿಂಟ್ ಆದಮೇಲೆ.

ನನ್ನ ಕಥೆ ಇಲ್ಲಿಂದ ಶುರು. ಮೊದಲ ವರ್ಷ ಹೊಸ ಪಾಯಿಂಟ್, ಹೊಸ ಕಂಡೆನ್ಸರ್ (ಪಾಯಿಂಟ್ ಸುಟ್ಟುಹೋಗದಂತೆ ಕಾಯುವ ಸಣ್ಣ ಭಾಗ) ಹಾಕಿ ಖುಷಿಯಿಂದ ಹೊರಟೆ. ಹತ್ತು ಹನ್ನೆರಡು ಮೈಲಿ ಆದಮೇಲೆ ಮಿಸ್ಸಿಂಗ್ ಶುರುವಾಯಿತು, ಆಮೇಲೆ ಎಂಜಿನ್ ನಿಂತೇ ಹೋಯಿತು. ರಸ್ತೆ ಪಕ್ಕ ನಿಂತು ಎರಡೂ ಕಾರ್ಬೊರೇಟರಿನ ಜೆಟ್ ನಟ್, ಅಂದರೆ ಪೆಟ್ರೋಲ್ ಎಷ್ಟು ಹೋಗಬೇಕು ಅಂತ ಹೊಂದಿಸುವ ನಟ್, ತಿರುಗಿಸಿದೆ. ಅರ್ಧ ಗಂಟೆ ಆದಮೇಲೆ ಸ್ಟಾರ್ಟ್ ಆಯಿತು. ತಿರುಗಿಸಿದ್ದಕ್ಕೇ ಸರಿಹೋಯಿತು ಅಂದುಕೊಂಡೆ. ಎರಡು ಮೈಲಿ ಹೋಗುವಷ್ಟರಲ್ಲಿ ಮತ್ತೆ ಅದೇ ಕಥೆ. ಅಪ್ಪನಿಗೆ ಫೋನ್ ಮಾಡಿದೆ. ‘ಬಿಸಿಯಾದಾಗ ನಿಲ್ಲುತ್ತೆ, ತಣ್ಣಗಾದರೆ ಹೊರಡುತ್ತೆ ಅಂದರೆ ಕಂಡೆನ್ಸರ್ ನೋಡು. ಹಳೇದು ಎಲ್ಲಿಟ್ಟಿದ್ದೀಯಾ?’ ಅಂದರು. ಹಳೇದು ಡಿಕ್ಕಿಯಲ್ಲೇ ಇತ್ತು. ಹಾಕಿದೆ, ಮಿಸ್ಸಿಂಗ್ ನಿಂತಿತು. ಆದರೆ ಜೆಟ್ ನಟ್ ಎಷ್ಟು ತಿರುಗಿಸಿದ್ದೆ ಅಂತ ಬರೆದಿಟ್ಟಿರಲಿಲ್ಲ. ಅದನ್ನು ಹದಕ್ಕೆ ತರಲು ಎರಡು ವಾರ ಹಿಡಿಯಿತು. ಹೊಸ ಕಂಡೆನ್ಸರುಗಳಲ್ಲಿ ಹುಳುಕು ಮಾಲು ಬರುವುದುಂಟು. ಓಡುತ್ತಿದ್ದ ಹಳೆಯದನ್ನು ಎಸೆಯದೆ ಡಬ್ಬಿಯಲ್ಲಿ ಹಾಕಿ ಕಾರಲ್ಲೇ ಇಡಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಎಷ್ಟು ಮಾಡಿದಿರಿ ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ.

ಈಗ ಕಾರ್ಬೊರೇಟರ್. 1969ರ ಕಾರಿನಲ್ಲಿ ಇರುವುದು ಎಸ್‌ಯು ಕಂಪನಿಯ ಎಚ್‌ಎಸ್4 ಮಾದರಿಯವು, ಎರಡು. ಮೇಲೆ ಗುಮ್ಮಟದಂಥ ಭಾಗ ಇದೆಯಲ್ಲ, ಅದರ ತುದಿಯ ಮುಚ್ಚಳ ತಿರುಗಿಸಿ ತೆಗೆದು ಮೊದಲು ಎಣ್ಣೆ ನೋಡಿ. ಒಳಗಿನ ಟೊಳ್ಳು ಕಡ್ಡಿಯ ತುದಿಗಿಂತ ಅರ್ಧ ಇಂಚು ಮೇಲೆ ಇರಬೇಕು. ತೆಳು ಎಣ್ಣೆ ಸಾಕು, ನಾನು ಎಸ್‌ಎಇ 20 ಹಾಕುತ್ತೇನೆ. ಆಕ್ಸಿಲರೇಟರ್ ಒತ್ತಿದ ತಕ್ಷಣ ಎಂಜಿನ್ ಮುಗ್ಗರಿಸಿ ಆಮೇಲೆ ಪಿಕಪ್ ಬಂದರೆ, ಎಷ್ಟೋ ಸಲ ಈ ಎಣ್ಣೆ ಖಾಲಿಯಾಗಿರುತ್ತದೆ, ಬೇರೇನೂ ಅಲ್ಲ.

ಎಂಜಿನ್ ಚೆನ್ನಾಗಿ ಬಿಸಿಯಾಗಲಿ. ಏರ್ ಫಿಲ್ಟರ್ ತೆಗೆಯಿರಿ. ಎರಡು ಕಾರ್ಬೊರೇಟರ್ ಸೇರಿಸುವ ಕಡ್ಡಿಯ ಕ್ಲಾಂಪ್ ಸಡಿಲ ಮಾಡಿ. ಒಂದು ಮೊಳ ಉದ್ದದ ರಬ್ಬರ್ ಪೈಪ್ ತಗೊಂಡು ಒಂದು ತುದಿ ಕಿವಿಗೆ, ಇನ್ನೊಂದು ತುದಿ ಕಾರ್ಬೊರೇಟರ್ ಬಾಯಿಗೆ ಹಿಡಿಯಿರಿ. ಕುಕ್ಕರ್ ವಿಸಿಲ್ ಹೊಡೆಯುವ ಮುಂಚೆ ಸುಸ್ಸ್ ಅನ್ನುತ್ತದಲ್ಲ, ಅಂಥ ಸದ್ದು ಕೇಳುತ್ತದೆ. ಎರಡರಲ್ಲೂ ಅದು ಒಂದೇ ಥರ ಕೇಳುವ ತನಕ ಐಡ್ಲಿಂಗ್ ಸ್ಕ್ರೂಗಳನ್ನು ಸ್ವಲ್ಪಸ್ವಲ್ಪವೇ ತಿರುಗಿಸಿ. ಅವಸರ ಮಾಡಬೇಡಿ. ಕಿವಿ ಪಳಗಲು ಸ್ವಲ್ಪ ಹೊತ್ತು ಬೇಕು.

ಆಮೇಲೆ ಮಿಕ್ಸ್ಚರ್, ಅಂದರೆ ಗಾಳಿ ಪೆಟ್ರೋಲಿನ ಬೆರಕೆ. ಕಾರ್ಬೊರೇಟರಿನ ಬದಿಯಲ್ಲಿ ಕೆಳಗೆ ಒಂದು ಸಣ್ಣ ಪಿನ್ ಇದೆ. ಅದನ್ನು ಮೇಲೆ ಒತ್ತಿದರೆ ಕಾರ್ಬೊರೇಟರ್ ಒಳಗಿನ ಪಿಸ್ಟನ್ ಎದ್ದೇಳುತ್ತದೆ. ಒಂದು ಮಿಲಿಮೀಟರಿಗಿಂತ ಕಡಿಮೆ ಎತ್ತಿ, ಎಂಜಿನ್ ಸದ್ದು ಕೇಳಿ. ವೇಗ ಏರಿ ಹಾಗೇ ನಿಂತರೆ ಪೆಟ್ರೋಲ್ ಜಾಸ್ತಿ. ವೇಗ ಬಿದ್ದು ಎಂಜಿನ್ ನಿಲ್ಲಲು ಹೊರಟರೆ ಕಡಿಮೆ. ಒಂದು ಕ್ಷಣ ತುಸು ಏರಿ ಮತ್ತೆ ಮೊದಲಿನಂತಾದರೆ ಹದವಾಗಿದೆ. ಕೆಳಗಿನ ಜೆಟ್ ನಟ್ಟಿಗೆ ಆರು ಮುಖ. ಮೇಲಕ್ಕೆ ತಿರುಗಿಸಿದರೆ ಪೆಟ್ರೋಲ್ ಕಡಿಮೆ, ಕೆಳಕ್ಕೆ ತಿರುಗಿಸಿದರೆ ಜಾಸ್ತಿ. ಒಂದು ಸಲಕ್ಕೆ ಒಂದೇ ಮುಖ. ನನ್ನ ಹಾಗೆ ಲೆಕ್ಕ ತಪ್ಪಿದ್ದರೆ, ಪೆಟ್ರೋಲ್ ಬರುವ ಕೊಳವೆಯಾದ ಜೆಟ್ಟಿನ ಬಾಯಿ, ಕಾರ್ಬೊರೇಟರ್ ಒಳಗಿನ ದಿಬ್ಬದ (ಇದಕ್ಕೆ ಸೇತುವೆ ಅನ್ನುತ್ತಾರೆ) ಮಟ್ಟಕ್ಕೆ ಬರುವ ತನಕ ನಟ್ ಮೇಲೆ ತಂದು, ಅಲ್ಲಿಂದ ಹನ್ನೆರಡು ಮುಖ, ಅಂದರೆ ಎರಡು ಸುತ್ತು, ಕೆಳಗಿಳಿಸಿ ಹೊಸದಾಗಿ ಶುರು ಮಾಡಿ. ಕೊನೆಗೆ ಕ್ಲಾಂಪ್ ಬಿಗಿ ಮಾಡುವುದನ್ನು ಮರೆಯಬೇಡಿ.

ಪೆಟ್ರೋಲಿನ ವಿಚಾರ ಬಂತಲ್ಲ, ಒಂದು ಮಾತು. 2021ರ ಸೆಪ್ಟೆಂಬರಿನಿಂದ ಇಲ್ಲಿ ಮಾಮೂಲಿ ಪೆಟ್ರೋಲ್ ಅಂದರೆ ಇ10, ಶೇಕಡಾ 10ರ ತನಕ ಎಥನಾಲ್ ಬೆರೆತದ್ದು. ಅದರಲ್ಲಿನ ಎಥನಾಲ್ ಹಳೇ ರಬ್ಬರನ್ನು ತಿನ್ನುತ್ತದೆ. ದುಡ್ಡು ಜಾಸ್ತಿ ಆದರೂ ನಾನು ಎಥನಾಲ್ ಕಡಿಮೆ ಇರುವ ಸೂಪರ್ ಅನ್‌ಲೆಡೆಡ್ ಇ5 ಹಾಕಿಸುತ್ತೇನೆ, ಎಥನಾಲ್ ತಡೆಯುವ ಹೊಸ ಪೈಪುಗಳನ್ನೂ ಹಾಕಿದ್ದೇನೆ. ಪೈಪನ್ನು ಬಾಗಿಸಿ ನೋಡಿ. ಬಿರುಕು ಕಂಡರೆ ಅವತ್ತೇ ಬದಲಿಸಿ, ಅದರ ಪಕ್ಕದಲ್ಲೇ ಕಾದ ಎಕ್ಸಾಸ್ಟ್ ಇದೆ. ಕೀ ತಿರುಗಿಸಿದಾಗ ಹಿಂದಿನಿಂದ ಟಿಕ್ ಟಿಕ್ ಸದ್ದು ಬರದಿದ್ದರೆ ಪೆಟ್ರೋಲ್ ಕಳಿಸುವ ಎಸ್‌ಯು ಪಂಪಿನ ಪಾಯಿಂಟ್ ಅಂಟಿಕೊಂಡಿರಬಹುದು. ಬಲಗಡೆ ಹಿಂಚಕ್ರದ ಹತ್ತಿರ ಇರುವ ಪಂಪಿಗೆ ಸ್ಪ್ಯಾನರ್ ಹಿಡಿಯಿಂದ ಮೆಲ್ಲಗೆ ತಟ್ಟಿದರೆ ಮನೆ ತನಕ ತಲುಪಿಸುತ್ತದೆ. ಮನೆಗೆ ಬಂದಮೇಲೆ ಪಾಯಿಂಟ್ ಬದಲಿಸಿ, ತಟ್ಟಿಕೊಂಡೇ ಓಡಿಸಬೇಡಿ.

ಲೈಟು, ಇಂಡಿಕೇಟರ್ ಕೈಕೊಟ್ಟರೆ ಮೊದಲು ಅರ್ಥ್ ನೋಡಿ. ಕಪ್ಪು ವೈರ್ ಬಾಡಿಗೆ ಸೇರುವ ಜಾಗ ತುಕ್ಕು ಹಿಡಿದಿರುತ್ತದೆ. ಉಜ್ಜಿ ಹೊಳೆಯುವಂತೆ ಮಾಡಿ ಮತ್ತೆ ಬಿಗಿ ಮಾಡಿ. ಬಣ್ಣಗಳ ಲೆಕ್ಕ ಗೊತ್ತಿದ್ದರೆ ಭಯವಿಲ್ಲ. ಕಂದು ವೈರಿನಲ್ಲಿ ಯಾವಾಗಲೂ ಕರೆಂಟು ಇರುತ್ತದೆ, ಫ್ಯೂಸ್ ಇಲ್ಲ. ನೇರಳೆಯಲ್ಲೂ ಯಾವಾಗಲೂ ಇರುತ್ತದೆ, ಆದರೆ ಫ್ಯೂಸ್ ಮೂಲಕ. ಬಿಳಿ ಕೀ ತಿರುಗಿಸಿದಾಗ ಮಾತ್ರ, ಹಸಿರು ಕೀ ಮತ್ತು ಫ್ಯೂಸ್ ಎರಡೂ. ಕಂದು ವೈರ್ ಮುಟ್ಟುವ ಮುಂಚೆ ಬ್ಯಾಟರಿ ಬಿಚ್ಚಿ. ನನ್ನ ಕಾರಿನಲ್ಲಿ ಸೀಟಿನ ಹಿಂದೆ 6 ವೋಲ್ಟಿನ ಎರಡು ಬ್ಯಾಟರಿಗಳಿವೆ.

ಮೂರು ಸಾವಿರ ಮೈಲಿಗೊಮ್ಮೆ ಗ್ರೀಸ್. ಮುಂದಿನ ಕಿಂಗ್ ಪಿನ್ನಿಗೆ (ಸ್ಟೀರಿಂಗ್ ತಿರುಗಿಸಿದಾಗ ಚಕ್ರ ತಿರುಗುವ ಗೂಟ) ಒಂದೊಂದು ಬದಿಯಲ್ಲೂ ಗ್ರೀಸ್ ತುಂಬುವ ಮೂರು ನಿಪ್ಪಲ್. ಚಕ್ರ ನೆಲ ಬಿಟ್ಟು ನೇತಾಡುತ್ತಿರುವಾಗ ಗ್ರೀಸ್ ಹೊಡೆಯಿರಿ, ಭಾರ ಬಿದ್ದಿದ್ದರೆ ಅದು ಬೇಕಾದ ಜಾಗಕ್ಕೆ ಹೋಗುವುದಿಲ್ಲ. ಹಳೇ ಕರಿ ಗ್ರೀಸ್ ಹೊರಬಂದು ಹೊಸದು ಕಾಣುವ ತನಕ ಹೊಡೆಯಿರಿ. ಎಂಜಿನ್ ಆಯಿಲ್ 20ಡಬ್ಲ್ಯೂ-50, ಬ್ರೇಕ್ ಫ್ಲೂಯಿಡ್ ಬದಲಿಸುವುದು ಎರಡು ವರ್ಷಕ್ಕೊಮ್ಮೆ. ಬ್ರೇಕ್ ಕೆಲಸವನ್ನು ಮೊದಲ ಸಲ ಗೊತ್ತಿದ್ದವರನ್ನು ಪಕ್ಕದಲ್ಲಿಟ್ಟುಕೊಂಡೇ ಮಾಡಿ. ಹಳೇ ಲೈನಿಂಗ್ ಧೂಳನ್ನು ಊದಬೇಡಿ, ಆಸ್ಬೆಸ್ಟಾಸ್ ಇರಬಹುದು. ಒದ್ದೆ ಬಟ್ಟೆಯಲ್ಲಿ ಒರೆಸಿ.

ಎಂಜಿನ್‌ಗಿಂತ ನನಗೆ ಜಾಸ್ತಿ ಚಿಂತೆ ತುಕ್ಕಿನದು. ಈ ಕಾರಿಗೆ ಬೇರೆ ಚಾಸಿ ಇಲ್ಲ. ಬಾಗಿಲ ಕೆಳಗಿನ ಸಿಲ್‌ಗಳೇ ಕಾರಿನ ಬೆನ್ನೆಲುಬು. ಹೊರಗೆ ಪೇಂಟ್ ಚೆಂದ ಇದ್ದರೂ ಒಳಪದರ ಪುಡಿಯಾಗಿರಬಹುದು. ವರ್ಷಕ್ಕೊಮ್ಮೆ ಕೆಳಗಿಂದ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ ನೋಡಿ. ಟಣ್ ಅಂದರೆ ಸರಿ, ದಬ್ ಅಂದರೆ ಅಲ್ಲಿ ತುಕ್ಕು ಮುಚ್ಚಲು ಪುಟ್ಟಿ ಮೆತ್ತಿದ್ದಾರೆ ಅಂತ ಲೆಕ್ಕ. ಬಾಗಿಲು ಹಾಕಲು ಬಿಗಿಯಾಗುತ್ತಿದ್ದರೆ ಸುಮ್ನೆ ಕೀಲುಗಳಿಗೆ ಎಣ್ಣೆ ಬಿಡಬೇಡಿ, ಸಿಲ್ ಕುಸಿಯುತ್ತಿರಬಹುದು. ಇಲ್ಲಿ 40 ವರ್ಷ ದಾಟಿದ ಕಾರುಗಳಿಗೆ 2018ರಿಂದ ವರ್ಷಾವಧಿ ತಪಾಸಣೆ ಕಡ್ಡಾಯವಲ್ಲ. ನಾನು ಮಾತ್ರ ಪ್ರತಿ ವರ್ಷ ಮಾಡಿಸುತ್ತೇನೆ. ನಮ್ಮ ಕಣ್ಣಿಗೆ ಬೀಳದ್ದು ಇನ್ನೊಬ್ಬರಿಗೆ ಕಾಣುತ್ತದೆ.

ಎಲ್ಲಾ ಮುಗಿದ ಮೇಲೆ ಹತ್ತು ಮೈಲಿ ಓಡಿಸಿಕೊಂಡು ಬನ್ನಿ. ಸ್ವಲ್ಪ ತಣ್ಣಗಾದ ಮೇಲೆ ಪ್ಲಗ್ ಬಿಚ್ಚಿ ಬಣ್ಣ ನೋಡಿ. ಹಾಲು ಹಾಕಿದ ಕಾಫಿ ಬಣ್ಣ ಬಂದಿದ್ದರೆ ಮಿಕ್ಸ್ಚರ್ ಹದವಾಗಿದೆ. ಕಪ್ಪು ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ, ಸುಣ್ಣದಂಗೆ ಬೆಳ್ಳಗಿದ್ದರೆ ಕಡಿಮೆ. ಮುಂದಿನ ಕಾರ್ಬೊರೇಟರ್ 1 ಮತ್ತು 2ನೇ ಸಿಲಿಂಡರಿಗೆ, ಹಿಂದಿನದು 3 ಮತ್ತು 4ಕ್ಕೆ. ನಾನು ನಾಲ್ಕೂ ಪ್ಲಗ್ಗುಗಳನ್ನು ಹಳೇ ಪೇಪರ್ ಮೇಲೆ ಸಾಲಾಗಿ ಇಟ್ಟು ಫೋಟೊ ತೆಗೆದು ಸಾಗರಕ್ಕೆ ಕಳಿಸುತ್ತೇನೆ. ಹೋದ ಭಾನುವಾರ ಉತ್ತರ ಬಂತು: ‘ಮೂರು, ನಾಕು ಕಪ್ಪಗಿದೆ ಪುಟ್ಟಿ. ಹಿಂದಿನದು ಒಂದು ಮುಖ ಮೇಲೆ.’