ಡೇಟಾಬೇಸಿನ ನಾಡಿ ನೋಡೋ ಸ್ಕ್ರಿಪ್ಟ್ ಬರೆಯೋದು ಹೇಗೆ?

ದಿನಾ ಬೆಳಿಗ್ಗೆ ಲಾಗಿನ್ ಆಗಿ ಒಂದೊಂದೇ ಕ್ವೆರಿ ಟೈಪ್ ಮಾಡಿ ನೋಡೋದು ಶುರುವಲ್ಲಿ ಚೆನ್ನಾಗೇ ಇರತ್ತೆ, ಆದ್ರೆ ಹಬ್ಬ ಬಂತು, ರಜೆ ಬಂತು ಅಂತ ಒಂದಿನ ತಪ್ಪತ್ತೆ, ಸರಿಯಾಗಿ ಅವತ್ತೇ ಡಿಸ್ಕ್ ತುಂಬಿ ಕೂತಿರತ್ತೆ. ಈ ಕೆಲಸಾನ ಕ್ರಾನ್‌ಗೆ, ಅಂದ್ರೆ ಹೇಳಿದ ಹೊತ್ತಿಗೆ ಕಮಾಂಡ್‌ಗಳನ್ನ ತಾನಾಗೇ ಓಡಿಸೋ ಲಿನಕ್ಸ್ ಪ್ರೋಗ್ರಾಮ್‌ಗೆ, ಒಪ್ಪಿಸಿಬಿಡಿ. ನಾನಿಲ್ಲಿ ಹೇಳ್ತಿರೋದು ಲಿನಕ್ಸ್ ಮೇಲೆ ಓಡೋ ಪೋಸ್ಟ್‌ಗ್ರೆಸ್ ಡೇಟಾಬೇಸ್ ಬಗ್ಗೆ.

ಮೊದಲು ಸ್ಕ್ರಿಪ್ಟ್‌ಗೇ ಅಂತ ಒಂದು ಯೂಸರ್ ಮಾಡಿ, ಅದಕ್ಕೆ ಪಿಜಿ_ಮಾನಿಟರ್ ಅನ್ನೋ, ಸ್ಥಿತಿಗತಿ ನೋಡೋಕಷ್ಟೇ ಅನುಮತಿ ಇರೋ ರೋಲ್ ಕೊಟ್ರೆ ಸಾಕು, ಪೋಸ್ಟ್‌ಗ್ರೆಸ್ ವರ್ಷನ್ 10ರಿಂದ ಇದೆ, ಎಲ್ಲ ಅಧಿಕಾರ ಇರೋ ಸೂಪರ್‌ಯೂಸರ್ ಬೇಡವೇ ಬೇಡ. ಪಾಸ್‌ವರ್ಡನ್ನ .ಪಿಜಿಪಾಸ್ ಫೈಲಲ್ಲಿಡಿ, ಅದರ ಪರ್ಮಿಶನ್ 0600 (ಫೈಲಿನ ಒಡೆಯರಷ್ಟೇ ಓದಿ ಬರೆಯೋ ಹಾಗೆ) ಇರ್ಲೇಬೇಕು, ಇಲ್ಲಾಂದ್ರೆ ಆ ಫೈಲನ್ನ ಪೋಸ್ಟ್‌ಗ್ರೆಸ್ ಕ್ಲೈಂಟ್ ಮೂಸಿಯೂ ನೋಡಲ್ಲ. ಕಮಾಂಡ್‌ಗಳಿಗೆ ಪೂರ್ತಿ ಪಾತ್ ಬರೀರಿ, ಕೈಯಲ್ಲಿ ಓಡಿಸಿದಾಗ ಓಡಿದ್ದು ಕ್ರಾನಲ್ಲಿ ಬೀಳೋದು ಬಹಳ ಸಲ ಪೂರ್ತಿ ಪಾತ್ ಇಲ್ಲದ್ದಕ್ಕೇ.

ಆಮೇಲೆ 5 ನಿಮಿಷಕ್ಕೊಂದ್ಸಲ ಓಡೋ ಸ್ಕ್ರಿಪ್ಟ್. ಈಗ ಯಾರ್ಯಾರು ಏನು ಮಾಡ್ತಿದ್ದಾರೆ ಅಂತ ತೋರಿಸೋ ಪಿಜಿ_ಸ್ಟ್ಯಾಟ್_ಆಕ್ಟಿವಿಟಿಯಲ್ಲಿ 'ಐಡಲ್ ಇನ್ ಟ್ರಾನ್ಸಾಕ್ಷನ್' (ವ್ಯವಹಾರ ಶುರು ಮಾಡಿ ಸುಮ್ಮನಿರೋದು) ಅಂತ 10 ನಿಮಿಷಕ್ಕಿಂತ ಜಾಸ್ತಿ ಕೂತಿರೋರನ್ನ ಹುಡುಕಿ. ಯಾರೋ ಬಿಗಿನ್ ಹೊಡೆದು, ಒಂದು ಅಪ್‌ಡೇಟ್ ಮಾಡಿ, ಕಮಿಟ್ ಮಾಡದೆ ಊಟಕ್ಕೆ ಎದ್ದುಹೋಗಿರ್ತಾರೆ, ಅವರು ವಾಪಸ್ ಬರೋವರೆಗೂ ಆ ಸಾಲುಗಳ ಮೇಲೆ ಲಾಕ್, ಅಷ್ಟೇ ಅಲ್ಲ ಅಲ್ಲಿಂದಾಚೆ ಹುಟ್ಟಿದ ಡೆಡ್ ರೋಗಳನ್ನ (ಅಪ್‌ಡೇಟ್, ಡಿಲೀಟ್ ಆದ್ಮೇಲೆ ಉಳಿಯೋ ಹಳೇ ಸಾಲುಗಳು) ಕಸ ಗುಡಿಸೋ ವ್ಯಾಕ್ಯೂಮ್ ತೆಗೆಯೋಕೂ ಆಗಲ್ಲ.

ದಿನಕ್ಕೊಂದ್ಸಲ ಡೆಡ್ ರೋ ಲೆಕ್ಕ ನೋಡಿ. ತಾನಾಗೇ ಓಡೋ ಆಟೋವ್ಯಾಕ್ಯೂಮ್ ಡಿಫಾಲ್ಟ್ ಪ್ರಕಾರ ಟೇಬಲ್‌ನ 20% ಪ್ಲಸ್ 50 ಸಾಲು ಸತ್ತ ಮೇಲೇ ಬರೋದು, ಅಂದ್ರೆ 1 ಕೋಟಿ ಸಾಲಿನ ಟೇಬಲ್‌ಗೆ 20 ಲಕ್ಷ ಕಸ ಬೀಳೋವರೆಗೂ ಪೊರಕೆ ಮುಟ್ಟಲ್ಲ, ದೊಡ್ಡ ಟೇಬಲ್‌ಗಳಿಗೆ ಸ್ಕೇಲ್ ಫ್ಯಾಕ್ಟರ್ (ಆ 20%ನ ಸೆಟ್ಟಿಂಗ್) 0.02ಕ್ಕೆ, ಅಂದ್ರೆ 2%ಗೆ ಇಳಿಸಿ. ಜೊತೆಗೆ ಆಕ್ಟಿವ್ ಇಲ್ಲದ ರೆಪ್ಲಿಕೇಶನ್ ಸ್ಲಾಟ್ (ನಕಲು ಸರ್ವರ್ ಎಲ್ಲೀವರೆಗೆ ಓದಿದೆ ಅನ್ನೋ ಗುರುತು) ಇದ್ಯಾ ನೋಡಿ, ಇದ್ರೆ ಬದಲಾವಣೆಗಳನ್ನ ದಾಖಲಿಸೋ ವ್ಯಾಲ್ (WAL) ಫೈಲ್‌ಗಳು ಹಾಗೇ ಗುಡ್ಡೆ ಬೀಳ್ತಾ ಹೋಗಿ ಡಿಸ್ಕ್ ನುಂಗತ್ತೆ.

ಈಗ ಬ್ಯಾಕಪ್. ಡೇಟಾಬೇಸಿನ ಪ್ರತಿ ತೆಗೆಯೋ ಪಿಜಿ_ಡಂಪ್ ಔಟ್‌ಪುಟ್ಟನ್ನ ಪೈಪ್ ಹಾಕಿ, ಫೈಲ್ ಕುಗ್ಗಿಸೋ ಜಿಜಿಪ್‌ಗೆ ಕೊಡ್ತೀವಲ್ಲ, ಡಂಪ್ ಬಿದ್ರೂ ಜಿಜಿಪ್ ಸರಿಯಾಗಿ ಮುಗಿಯತ್ತೆ, ಸ್ಕ್ರಿಪ್ಟ್ ಓಡಿಸೋ ಬ್ಯಾಶ್ ಎಕ್ಸಿಟ್ ಕೋಡ್ 0, ಅಂದ್ರೆ ಎಲ್ಲ ಸರಿ, ಅನ್ನತ್ತೆ. ನಾನೊಮ್ಮೆ ಫೋಲ್ಡರ್ ತೆಗೆದು ನೋಡಿದ್ರೆ ಸಾಲಾಗಿ ತಾರೀಖು ಹೊತ್ತ ಫೈಲ್‌ಗಳು, ಒಂದೊಂದೂ ಬರೀ 20 ಬೈಟ್, ಎದೆ ಧಸಕ್ ಅಂತು. ಸ್ಕ್ರಿಪ್ಟಿನ ಮೇಲುಗಡೆ 'ಸೆಟ್ -ಓ ಪೈಪ್‌ಫೇಲ್' (set -o pipefail) ಬರೀರಿ, ಆಗ ಪೈಪಿನಲ್ಲಿ ಯಾವುದು ಬಿದ್ರೂ ಫೇಲ್ ಅಂತ ಗೊತ್ತಾಗತ್ತೆ, ಫೈಲ್ ಸೈಜ್ ನಿನ್ನೆಯದಕ್ಕೆ ಹೋಲಿಸಿ. ಕೋಡ್ ಇಡೋ ತಾಣ ಗಿಟ್‌ಲ್ಯಾಬ್‌ನಲ್ಲಿ 2017ರ ಜನವರಿ 31ರಂದು ಡೇಟಾ ಅಳಿಸಿಹೋದಾಗ ಗೊತ್ತಾಗಿದ್ದೂ ಇಂಥದ್ದೇ, ಪೋಸ್ಟ್‌ಗ್ರೆಸ್ 9.6ರ ಡೇಟಾಬೇಸ್‌ಗೆ 9.2ರ ಪಿಜಿ_ಡಂಪ್ ಓಡಿ ಫೇಲ್ ಆಗ್ತಿತ್ತು, ಎಚ್ಚರಿಸೋ ಮೇಲ್‌ಗಳೂ ರಿಜೆಕ್ಟ್ ಆಗಿ ಯಾರಿಗೂ ತಲುಪಿರ್ಲಿಲ್ಲ.

ಅದಕ್ಕೇ ಫೇಲ್ ಆದ್ರೆ ಮೇಲ್ ಬರತ್ತೆ ಅಂತ ನಂಬ್ಕೊಂಡು ಕೂರಬೇಡಿ. ಪ್ರತಿ ಸ್ಕ್ರಿಪ್ಟೂ ಸರಿಯಾಗಿ ಮುಗಿದ್ರೆ ಕೊನೇಲಿ ಒಂದು ಫೈಲ್‌ಗೆ ಟೈಮ್ ಬರೀಲಿ, ಬೇರೆ ಮೆಷೀನೊಂದು ಆ ಟೈಮ್ 26 ಗಂಟೆಗಿಂತ ಹಳೇದಾದ್ರೆ ಕೂಗ್ಲಿ. ಭಾನುವಾರ ಬ್ಯಾಕಪ್ಪನ್ನ ಟೆಸ್ಟ್ ಮೆಷೀನಲ್ಲಿ ರಿಸ್ಟೋರ್ ಮಾಡಿ, ಮುಖ್ಯ ಟೇಬಲ್‌ನ ಕೊನೇ ಎಂಟ್ರಿಯ ತಾರೀಖು ನೋಡಿ. ಆ ರಿಸ್ಟೋರ್ ಸ್ಕ್ರಿಪ್ಟಿನ ಮೊದಲ ಸಾಲಲ್ಲೇ ಹೋಸ್ಟ್‌ನೇಮ್ (ಮೆಷೀನಿನ ಹೆಸರು) ಚೆಕ್ ಇರ್ಲಿ, ಪ್ರೊಡಕ್ಷನ್ (ನಿಜವಾಗಿ ಬಳಕೆಯಲ್ಲಿರೋ ಮೆಷೀನ್) ಹೆಸರು ಬಂದ್ರೆ ಒಂದು ಹೆಜ್ಜೆನೂ ಮುಂದೆ ಹೋಗದೆ ಅಲ್ಲೇ ಎಕ್ಸಿಟ್ ಆಗ್ಬೇಕು.