ಎಳೆ ಹೋರಿಯನ್ನು ನೊಗಕ್ಕೆ ಪಳಗಿಸೋದು ಹೇಗೆ

ಶಿವರಾತ್ರಿ ಹೊತ್ತಿಗೆ ಸಿದ್ಧಗಂಗೆ ಜಾತ್ರೆಯಲ್ಲೋ ನಂದಿ ಜಾತ್ರೆಯಲ್ಲೋ ಜೋಡಿ ಹೋರಿ ಹಿಡಿದುಕೊಂಡು ಬರುತ್ತೀರಿ. ಎರಡು ತಿಂಗಳು ಕಟ್ಟಿ ಮೇಯಿಸುತ್ತೀರಿ. ಮಳೆ ಬಿದ್ದು ಹೊಲ ಹದವಾದ ಬೆಳಿಗ್ಗೆ ಸೀದಾ ತಂದು ನೇಗಿಲಿಗೆ ಹೂಡುತ್ತೀರಿ. ದಯವಿಟ್ಟು ಹೀಗೆ ಮಾಡಬೇಡಿ. ಸುಮ್ನೆ ಕಟ್ಟಿ ಹಾಕಿದ ಆ ಎರಡು ತಿಂಗಳೇ ಕಲಿಸೋ ಕಾಲ. ಉಳುಮೆ ಅವಸರದಲ್ಲಿ ಯಾರಿಗೂ ತಾಳ್ಮೆ ಇರಲ್ಲ, ಆಗ ಬಿದ್ದ ಏಟನ್ನು ಹೋರಿ ಮರೆಯಲ್ಲ.

ಮೊದಲು ಬಾಯಿ ಬಿಡಿಸಿ ನೋಡಿ. ಹಾಲುಹಲ್ಲಿನ ಕರುವಿಗೆ ನೊಗ ಬೇಡ. ಮುಂದಿನ ಎರಡು ಹಲ್ಲು ಬಿದ್ದು ದೊಡ್ಡ ಹಲ್ಲು ಬಂದಿದ್ದರೆ ಹೆಚ್ಚುಕಮ್ಮಿ ಎರಡೂವರೆ ವರ್ಷ, ಅಲ್ಲಿಂದ ಕಲಿಸಬಹುದು. ಪೂರ್ತಿ ಗೆಯ್ಮೆ ನಾಲ್ಕು ಹಲ್ಲಾದ ಮೇಲೆ. ತುಮಕೂರು ಕಡೆ ಸಿಗೋದು ಹೆಚ್ಚಾಗಿ ಹಳ್ಳಿಕಾರ್, ಚುರುಕು ಜಾತಿ, ಬೇಗ ಕಲಿಯುತ್ತವೆ, ಕೆಟ್ಟದ್ದನ್ನೂ ಅಷ್ಟೇ ಬೇಗ ಕಲಿಯುತ್ತವೆ. ಹಿಂದೆ ಮೈಸೂರು ದಂಡಿನ ಸಾಮಾನು ಎಳೆದ ಅಮೃತಮಹಲ್ ಆದರೆ ಇನ್ನೂ ಬಿಸಿ, ಅದಕ್ಕೆ ಇಲ್ಲಿ ಹೇಳಿದ ದಿನಗಳನ್ನೆಲ್ಲ ಎರಡರಷ್ಟು ಮಾಡಿಕೊಳ್ಳಿ. ಬೀಜ ಒಡೆಸೋದು, ಮೂಗು ಚುಚ್ಚಿಸೋದು ಎರಡನ್ನೂ ಪಶುವೈದ್ಯರ ಕೈಲೇ ಮಾಡಿಸಿ. ಮೂಗಿನ ಗಾಯ ಒಣಗೋ ತನಕ ಮೂಗುದಾರಕ್ಕೆ ಹಗ್ಗ ಹಾಕಿ ಜಗ್ಗಬೇಡಿ.

ಮೊದಲ ವಾರ ನೊಗದ ಸುದ್ದಿಯೇ ಬೇಡ. ಬೆಳಿಗ್ಗೆ ಸಂಜೆ ತೆಂಗಿನ ನಾರಿನಿಂದ ಮೈ ತಿಕ್ಕಿ. ಹೆಗಲಿಂದ ಶುರು ಮಾಡಿ ಹಿಣಿಲು (ಬೆನ್ನ ಮೇಲಿನ ಡುಬ್ಬ), ಗಂಗೆದೊಗಲು (ಕತ್ತಿನ ಕೆಳಗೆ ಜೋತು ಬಿದ್ದ ಚರ್ಮ), ಹೊಟ್ಟೆ, ಕೊನೆಗೆ ಹಿಂದೊಡೆ. ಕೈ ಹಿಂದೊಡೆಗೆ ಬಂದಾಗ ಚರ್ಮ ಪಟಪಟ ಅಂತ ಅದುರುತ್ತದೆ, ನೊಣ ಕೂತಾಗ ಅದುರುತ್ತಲ್ಲ, ಹಾಗೆ. ಆಗ ಕೈ ತೆಗೆಯಬೇಡಿ, ಒತ್ತಲೂ ಬೇಡಿ. ಹಾಗೇ ಇಟ್ಟುಕೊಂಡು ನಿಲ್ಲಿ. ಅದುರು ನಿಂತು, ತಲೆ ತಗ್ಗಿಸಿ ಮತ್ತೆ ಹುಲ್ಲಿಗೆ ಬಾಯಿ ಹಾಕಿದ ಮೇಲೆ ಕೈ ಮುಂದಕ್ಕೆ ಸರಿಸಿ. ಇಷ್ಟು ಸಣ್ಣ ವಿಷಯ ಅನ್ನಿಸಬಹುದು, ನನ್ನ ಮಟ್ಟಿಗೆ ಅರ್ಧ ಪಳಗಿಸೋದು ಇಲ್ಲೇ ಮುಗಿಯುತ್ತದೆ. ವಾರದ ಕೊನೆಗೆ ಮಡಚಿದ ಗೋಣಿಚೀಲವನ್ನು ಹೆಗಲ ಮೇಲೆ ಹಾಕಿ ಬಿಡಿ, ಮೇಯುತ್ತಾ ಬೀಳಿಸಿಕೊಳ್ಳಲಿ, ಮತ್ತೆ ಹಾಕಿ.

ಇನ್ನು ನೊಗ. ಎರಡು ಹೊಸ ಹೋರಿಗಳನ್ನು ಒಟ್ಟಿಗೆ ಹೂಡಲೇಬೇಡಿ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನೋ ಗಾದೆ ಇದೆಯಲ್ಲ, ಇಲ್ಲಿ ಎರಡೂ ಸೇರಿ ನಿಮ್ಮನ್ನು ಎಳೆಯುತ್ತವೆ. ನನಗೆ ಹದಿನೆಂಟು ವರ್ಷ ಇದ್ದಾಗ, ದೊಡ್ಡಪ್ಪ ಊರಲ್ಲಿಲ್ಲದ ಒಂದು ಬೆಳಿಗ್ಗೆ, ಎರಡು ಹೊಸವನ್ನು ಜೋಡಿ ಮಾಡಿ ಕಬ್ಬಿಣದ ಸರಪಳಿಯಿಂದ ಕೊರಡು ಕಟ್ಟಿದೆ. ಹತ್ತು ಹೆಜ್ಜೆಗೆ ಸರಪಳಿ ಬಂಡೆಗೆ ತಾಗಿ ಝಣ್ ಅಂತು. ಬಲಗಡೆಯದು ಎಗರಿತು, ಎಡಗಡೆಯದು ಅದರ ಜೊತೆ ಓಡಿತು, ಕೊರಡು ಹಾರಿ ಹಾರಿ ಹಿಂಗಾಲಿಗೆ ಬಡಿಯುತ್ತಾ ಇತ್ತು, ಬಡಿದಷ್ಟೂ ಓಟ ಜೋರು. ನಿಂತಿದ್ದು ಕೆರೆ ಅಂಗಳದ ಜಾಲಿ ಪೊದೆಯಲ್ಲಿ. ಹಗ್ಗ ಉಜ್ಜಿ ನನ್ನ ಅಂಗೈ ಚರ್ಮ ಕಿತ್ತು ಬಂದಿತ್ತು. ಅದು ತಿಂಗಳಲ್ಲಿ ವಾಸಿಯಾಯಿತು. ಆ ಬಲಗಡೆ ಹೋರಿ ಮಾತ್ರ ಸರಪಳಿ ಸದ್ದು ಕೇಳಿದರೆ ಕೊನೆವರೆಗೂ ನಡುಗುತ್ತಿತ್ತು, ಗಾಡಿಗೆ ಹೂಡೋಕೇ ಆಗಲಿಲ್ಲ. ದೊಡ್ಡಪ್ಪ ಬಂದು ಗಾಯ ತೊಳೆಯುತ್ತಾ ಹೇಳಿದ್ದು ಒಂದೇ ಮಾತು: "ಅದು ಓಡಿದ್ದು ತಪ್ಪಲ್ಲ ಕಣೋ. ಓಡಿದರೆ ತಪ್ಪಿಸಿಕೊಳ್ಳಬಹುದು ಅಂತ ನೀನು ಕಲಿಸಿದೆಯಲ್ಲ, ಅದು ತಪ್ಪು."

ಮೊಬೈಲಿನಲ್ಲಿ ಅಮೆರಿಕದ ರೋಡಿಯೊ, ಅಂದರೆ ಎಗರೋ ಹೋರಿ, ಕುದುರೆ ಮೇಲೆ ಕೂರೋ ಆಟ, ನೋಡಿ ಹೋರಿ ಮೇಲೆ ಹತ್ತೋಕೆ ಹೋಗೋ ಹುಡುಗರಿಗೂ ಇದನ್ನೇ ಹೇಳುತ್ತೇನೆ. ಅಲ್ಲಿ ರ‍್ಯಾಂಚುಗಳಲ್ಲಿ ದನ ಕಾಯೋ ಕೆಲಸಗಾರರೇ ಸೇರೋ ಸ್ಪರ್ಧೆಗಳಿವೆ, ಟೆಕ್ಸಸ್‌ನ ಅಮರಿಲ್ಲೊದಲ್ಲಿ ನವೆಂಬರ್‌ನಲ್ಲಿ ದೊಡ್ಡದು ನಡೆಯುತ್ತದೆ. ಎಗರೋ ಕುದುರೆ ಮೇಲೆ 8 ಸೆಕೆಂಡು ಕೂರಬೇಕು. ಕುದುರೆ ಜೋರಾಗಿ ಎಗರಿದಷ್ಟೂ ಅಂಕ ಜಾಸ್ತಿ. ಎಗರುತ್ತದೆ ಅಂತಲೇ ಅದನ್ನು ಸಾಕಿರುತ್ತಾರೆ. ನಮಗೆ ಬೇಕಿರೋದು 8 ಸೆಕೆಂಡಲ್ಲ, ಹತ್ತು ವರ್ಷ ಜೊತೆಗೆ ನಡೆಯೋ ಎತ್ತು.

ಹಾಗಾಗಿ ಹೊಸದರ ಪಕ್ಕಕ್ಕೆ ಗೆಯ್ದು ಪಳಗಿದ ಹಳೇ ಎತ್ತು ಬೇಕು. ಮನೆಯಲ್ಲಿ ಇಲ್ಲದಿದ್ದರೆ ಪಕ್ಕದ ಮನೆಯವರನ್ನು ಕೇಳಿ, ಹದಿನೈದು ದಿನದ ಮಟ್ಟಿಗೆ ಯಾರೂ ಇಲ್ಲ ಅನ್ನಲ್ಲ. ಮೊದಲ ಮೂರು ದಿನ ಬರೀ ನೊಗ, ಹಿಂದೆ ಏನೂ ಕಟ್ಟಬೇಡಿ. ಒಬ್ಬರು ಮುಂದೆ ಹಗ್ಗ ಹಿಡಿದು ನಡೆಯಲಿ, ಒಬ್ಬರು ಹಿಂದೆ. ಹಿಂದಿನವರೇ ಮಾತಾಡಬೇಕು, ಯಾಕಂದ್ರೆ ಮುಂದೆ ಕೆಲಸಕ್ಕೆ ದನಿ ಬರೋದು ಹಿಂದಿನಿಂದಲೇ. ಹೊರಡೋಕೆ ಒಂದು ಸದ್ದು, ನಿಲ್ಲೋಕೆ ಉದ್ದಕ್ಕೆ "ಹೋ". ಮನೆಯವರೆಲ್ಲ ಅದನ್ನೇ ಬಳಸಿ, ಒಬ್ಬೊಬ್ಬರದು ಒಂದೊಂದು ಬೇಡ. ಹಳೇ ಎತ್ತು "ಹೋ" ಅಂದ ಕೂಡಲೇ ನಿಲ್ಲುತ್ತದೆ, ಹೊಸದಕ್ಕೆ ಬೇರೆ ದಾರಿಯೇ ಇಲ್ಲ.

ಆಮೇಲೆ ಹಗುರವಾದ ಕೊರಡು, ಹಗ್ಗದಲ್ಲಿ ಕಟ್ಟಿದ್ದು, ಉತ್ತ ಮೆತ್ತನೆ ಹೊಲದಲ್ಲಿ. ಕಾಲು ಗಂಟೆ ಸಾಕು. ಚೆನ್ನಾಗಿ ಎಳೀತಿದೆ, ಇನ್ನೊಂದು ಸುತ್ತು ಅನ್ನೋ ಆಸೆ ಬರುತ್ತದೆ, ಅಲ್ವಾ? ಅಲ್ಲೇ ಬಿಚ್ಚಿ. ಬಿಚ್ಚಿದ ಜಾಗದಲ್ಲೇ ಒಂದು ಹಿಡಿ ಬೇಯಿಸಿದ ಹುರುಳಿ ಕೊಡಿ. ನೊಗ ಇಟ್ಟ ಎರಡನೇ ವಾರ ಕುಂಟೆ, ಅದಾದ ಮೇಲೆ ಖಾಲಿ ಗಾಡಿ, ನೇಗಿಲು ಕೊನೆಗೆ.

ಕೆಲವು ಹೋರಿ ನೊಗದಲ್ಲೇ ಮಲಗಿಬಿಡುತ್ತವೆ. ಮೈಗಳ್ಳ ಅಂತ ಬಾಲ ತಿರುಚೋರನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಮೊದಲು ಜತ್ತಿಗೆ, ಅಂದರೆ ನೊಗಕ್ಕೆ ಕುತ್ತಿಗೆ ಸೇರಿಸಿ ಕಟ್ಟೋ ಪಟ್ಟಿ, ನೋಡಿ, ಕುತ್ತಿಗೆ ಬಿಗಿದಿರಬಹುದು. ಪಟ್ಟಿಗೂ ಕುತ್ತಿಗೆಗೂ ನಡುವೆ ಹಸ್ತ ಆರಾಮಾಗಿ ತೂರಬೇಕು. ಸಡಿಲ ಮಾಡಿ ಕಾಯಿರಿ. ತಾನೇ ಎದ್ದು ಹತ್ತು ಹೆಜ್ಜೆ ನಡೆದ ಮೇಲೆ ಬಿಚ್ಚಿ. ಮಲಗಿದ್ದಾಗಲೇ ಬಿಚ್ಚಿದರೆ ನಾಳೆಯೂ ಮಲಗುತ್ತದೆ.

ದಿನಾ ಸಂಜೆ ಹೆಗಲು ಮುಟ್ಟಿ ನೋಡಿ. ಬಿಸಿ ಇದ್ದರೆ, ಊದಿದ್ದರೆ ಇಳಿಯೋ ತನಕ ನೊಗ ಇಡಬೇಡಿ, ಹುಣ್ಣಾದರೆ ಆಸ್ಪತ್ರೆಗೆ. ಗಾಡಿ ಎಳೆಯೋ, ಹೊರೆ ಹೊರೋ ಎತ್ತುಗಳಿಗೆ 1965ರ ಕೇಂದ್ರದ ನಿಯಮವೇ ಇದೆ: ದಿನಕ್ಕೆ 9 ಗಂಟೆ ಮೀರಬಾರದು, ಬಿಡುವಿಲ್ಲದೆ 5 ಗಂಟೆ ಮೀರಬಾರದು, 37 ಡಿಗ್ರಿ ಮೀರಿದ ಬಿಸಿಲಲ್ಲಿ ಮಧ್ಯಾಹ್ನ 12ರಿಂದ 3ರವರೆಗೆ ಹೂಡಬಾರದು. ಇದು ಬಲಿತ ಎತ್ತಿನ ಲೆಕ್ಕ. ಕಲಿಯೋ ಹೋರಿಗೆ ಬೆಳಗಿನ ತಂಪು ಹೊತ್ತೊಂದೇ.

ಟಾರ್ ರಸ್ತೆಗೆ ಇಳಿಸೋ ಮುಂಚೆ ಲಾಳ ಕಟ್ಟಿಸಿ. ಒಂದೊಂದು ಕಾಲಿಗೂ ಎರಡು, ಒಟ್ಟು ಎಂಟು. ಬಸ್ಸು ಓಡಾಡೋಕೆ ಮುಂಚಿನ ಹೊತ್ತಿನಲ್ಲಿ ಹೋಗಿ. ಹೊಸದು ಎಡಗಡೆ ಇರಲಿ, ಹಳೇ ಎತ್ತು ಬಲಗಡೆ. ವಾಹನ ಹಾಯೋದು ಬಲಗಡೆಯಿಂದ ತಾನೇ, ಹಾರನ್ ಸದ್ದಿಗೂ ಹೊಸದಕ್ಕೂ ನಡುವೆ ಹಳೆಯದು ಗೋಡೆ ಹಾಗೆ ನಿಲ್ಲುತ್ತದೆ. ಒಂದು ಪಕ್ಕ ರೂಢಿಯಾದ ಹೋರಿ ಇನ್ನೊಂದು ಪಕ್ಕಕ್ಕೆ ಸುಲಭಕ್ಕೆ ಒಗ್ಗಲ್ಲ, ಅದಕ್ಕೇ ಬರೀ ನೊಗ ಇಡೋ ಮೊದಲ ದಿನವೇ ಅದನ್ನು ಎಡಕ್ಕೆ ಕಟ್ಟಿ.